ತಕ್ಕಡಿಗೆ ಎರಡು ತಟ್ಟೆ

ಮೌಲ್ಯಮಾಪನ ಎಂದೊಡನೆ ನೆನಪಾಗುವುದು ಉತ್ತರ ಪತ್ರಿಕೆಗಳ ಕಟ್ಟು. ಆದರೆ ಪರೀಕ್ಷೆ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಯೋಜನೆಗಳಿಗೂ ಉಂಟು. ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ 1952ರಲ್ಲೇ ಕೇಂದ್ರ ಯೋಜನಾ ಆಯೋಗವು ಅದರ ಫಲ ಅಳೆಯಲೆಂದು ಪ್ರತ್ಯೇಕ ಸಂಘಟನೆಯೊಂದನ್ನು ಸ್ಥಾಪಿಸಿತ್ತು. ಎಷ್ಟು ಹಣ ಖರ್ಚಾಯಿತು ಎಂಬುದಕ್ಕಿಂತ ಜನರ ಬದುಕಿನಲ್ಲಿ ಏನು ಬದಲಾಯಿತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಈ ವಿದ್ಯೆಯ ಕಠಿಣ ಪ್ರಯೋಗವೊಂದು ನಡೆದದ್ದು ಜಮಖಂಡಿ, ಮುಧೋಳ ತಾಲ್ಲೂಕುಗಳಲ್ಲಿ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಎಚ್‌ಐವಿ ಸೋಂಕು ಇರುವುದನ್ನು ತೋರಿಸಿತು. ಅದೂ ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಹೆಚ್ಚು. ಅನಂತರ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಕಾಂಡೋಮ್ ಬಳಕೆಯ ಪ್ರಚಾರ ನಡೆಯಿತು. ಗಿರಾಕಿಗಳ ಮಟ್ಟಿಗೆ ಅದು ಫಲ ಕೊಟ್ಟಿತು. ಮನೆಗೆ ಬಂದು ಹೋಗುವ ಖಾಯಂ ಸಂಗಾತಿಯ ಮುಂದೆ ಮಾತ್ರ ಅವರ ಮಾತು ನಡೆಯುತ್ತಿರಲಿಲ್ಲ. ಹೊಡೆತ, ಬೈಗುಳವೂ ಅವನಿಂದಲೇ.

ಇದನ್ನು ತಡೆಯಲು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಆ ಮಹಿಳೆಯರದೇ ಸಂಘದೊಡನೆ ಸೇರಿ ‘ಸಂವೇದನಾ ಪ್ಲಸ್’ ಎಂಬ ಕಾರ್ಯಕ್ರಮ ರೂಪಿಸಿತು. ಎರಡು ತಾಲ್ಲೂಕುಗಳ 47 ಹಳ್ಳಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಲಾಯಿತು. 24 ಹಳ್ಳಿಗಳಿಗೆ ಕಾರ್ಯಕ್ರಮ ಮೊದಲು ಬಂತು, 23 ಹಳ್ಳಿಗಳು ಕಾಯಬೇಕಾಯಿತು. ಕಾಯುತ್ತಿದ್ದ ಊರಿನಲ್ಲಿ ಏಟು ತಿನ್ನುತ್ತಿದ್ದವಳಿಗೆ ಇದು ನ್ಯಾಯವೇ? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಮದ್ದು ಹೌದೋ ಅಲ್ಲವೋ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಫಲಿತಾಂಶ ನಿರಾಶೆ ತಂದಿತು. ಹಿಂಸೆಯಾಗಲಿ, ಸಂಗಾತಿಯೊಡನೆ ಕಾಂಡೋಮ್ ಬಳಕೆಯಾಗಲಿ ಎರಡೂ ಗುಂಪಿನ ಹಳ್ಳಿಗಳಲ್ಲಿ ಹೇಳಿಕೊಳ್ಳುವಷ್ಟು ಬೇರೆಯಾಗಲಿಲ್ಲ. ಆದರೆ ಕಾರ್ಯಕ್ರಮ ನಡೆದ ಊರುಗಳ ಮಹಿಳೆಯರು ಹೊಡೆತವನ್ನು ಸಹಜವೆಂದು ಒಪ್ಪಿಕೊಳ್ಳುವುದು ಕಡಿಮೆಯಾಯಿತು, ತಮ್ಮನ್ನು ಕಾಪಾಡಿಕೊಳ್ಳುವ ದಾರಿಗಳು ಅವರಿಗೆ ಹೆಚ್ಚು ತಿಳಿದವು.

ಇದೇ ಟ್ರಸ್ಟ್ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ 40 ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಹೈಸ್ಕೂಲು ಬಿಡದಂತೆ, ಬೇಗ ಮದುವೆಯಾಗದಂತೆ ‘ಸಮತಾ’ ನಡೆಸಿತು. 2017ರಲ್ಲಿ ನೋಡಿದರೆ ಹೆಚ್ಚಿನ ಹುಡುಗಿಯರು ಓದು ಮುಂದುವರಿಸಿದ್ದರು. ಸೋಜಿಗವೆಂದರೆ, ಕಾರ್ಯಕ್ರಮ ಮುಟ್ಟದ ಹಳ್ಳಿಗಳಲ್ಲೂ ಹಾಗೆಯೇ! ಹೋಲಿಸಲು ಆ ಇನ್ನೊಂದು ತಟ್ಟೆ ಇಲ್ಲದಿದ್ದರೆ ಕೀರ್ತಿಯೆಲ್ಲ ಯೋಜನೆಗೇ ಸಲ್ಲುತ್ತಿತ್ತು.

ಉನ್ನತ ಶಿಕ್ಷಣದ ತೂಕ ಇನ್ನೊಂದು ಬಗೆಯದು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಬೀಳಗಿ, ಮುಧೋಳ, ರಬಕವಿ-ಬನಹಟ್ಟಿಯ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಕೆಲಸಕ್ಕೆಂದು ಬೆಳಗಾವಿಯತ್ತ ಮುಖ ಮಾಡುವುದು ತಪ್ಪಲಿತ್ತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಇದೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಕೊಟ್ಟ ಮುಖ್ಯ ಕಾರಣ ಹಣದ ಕೊರತೆ. ಬೊಕ್ಕಸದ ಲೆಕ್ಕ ನಿಜವೇ ಇದ್ದೀತು. ಆದರೆ ಮನೆಯ ಹತ್ತಿರ ವಿಶ್ವವಿದ್ಯಾಲಯ ಬಂದದ್ದರಿಂದ ನೇಕಾರರ ಎಷ್ಟು ಹೆಣ್ಣುಮಕ್ಕಳು ಎಂ.ಎ.ವರೆಗೆ ಓದಿದರು ಎಂಬುದನ್ನು ಅಳೆಯಲು ಎರಡು ವರ್ಷ ಸಾಲದು, ಎಂ.ಎ. ಮುಗಿಸುವುದಕ್ಕೇ ಅಷ್ಟು ಕಾಲ ಬೇಕು.