ಕರಾವಳಿಯಲ್ಲಿ ಫಲಿಸಿದ ಸಿದ್ಧತೆ, ಮಲೆನಾಡಿನಲ್ಲಿ ಹಿಂದುಳಿದ ಉಪಶಮನ: ಭಾರತದ ವಿಪತ್ತು ಯೋಜನೆಯ ಒಂದು ಪರಿಶೀಲನೆ

ಪ್ರಸ್ತಾವನೆ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಳಿ ದಡ ಮುಟ್ಟಿದ ಮಹಾಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2019ರ ಮೇ 3ರಂದು ಪುರಿಯ ಬಳಿ ಅಪ್ಪಳಿಸಿದ ಫೋನಿ ಚಂಡಮಾರುತದಲ್ಲಿ ಅದೇ ರಾಜ್ಯದಲ್ಲಿ ಸತ್ತವರು 64 ಮಂದಿ. ಎರಡರ ತೀವ್ರತೆ ಒಂದೇ ಆಗಿರಲಿಲ್ಲ. ಆದರೂ ಸಾವಿನ ಈ ಇಳಿಕೆಯ ಬಹುಪಾಲು ಪೂರ್ವಸಿದ್ಧತೆಗೇ ಸಲ್ಲಬೇಕು. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಮತ್ತು ವಯನಾಡಿನ ಮುಂಡಕ್ಕೈ–ಚೂರಲ್‌ಮಲ ಕಂಡ ಭೂಕುಸಿತಗಳು ಬೇರೆಯೇ ಕಥೆ ಹೇಳುತ್ತವೆ. ಒಂದೇ ಕಾಯ್ದೆ, ಒಂದೇ ರಾಷ್ಟ್ರೀಯ ಯೋಜನೆ ಇದ್ದೂ ಫಲ ಏಕೆ ಹೀಗೆ ಬೇರೆಯಾಯಿತು? ಜನರನ್ನು ಸ್ಥಳಾಂತರಿಸುವುದನ್ನು ನಮ್ಮ ಆಡಳಿತ ಕಲಿತಿದೆ, ನೆಲದ ಬಳಕೆಗೆ ಮಿತಿ ಹಾಕುವುದನ್ನು ಇನ್ನೂ ಕಲಿತಿಲ್ಲ ಎಂಬುದು ಈ ಲೇಖನದ ವಾದ.

ಕಾನೂನು ಮತ್ತು ಹಣ

2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರದಷ್ಟೇ ಸ್ಪಷ್ಟವಾಗಿ ಉಪಶಮನದ, ಅಂದರೆ ಅಪಾಯವನ್ನು ಮೊದಲೇ ತಗ್ಗಿಸುವುದರ, ಬಗ್ಗೆಯೂ ಮಾತಾಡುತ್ತದೆ. 46ನೇ ಕಲಂ ಸ್ಪಂದನಾ ನಿಧಿಯನ್ನು, 47ನೇ ಕಲಂ ಉಪಶಮನ ನಿಧಿಯನ್ನು ವಿಧಿಸುತ್ತದೆ. ಆದರೆ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿ ಸ್ಥಾಪನೆಯಾದದ್ದು 2021ರಲ್ಲಿ. ಅನಾಹುತ ನಡೆದ ಮೇಲೆ ಕೊಡಲು ಹಣವಿತ್ತು. ತಡೆಯಲೆಂದೇ ಮೀಸಲಾದ ರಾಷ್ಟ್ರೀಯ ನಿಧಿ ಒಂದೂವರೆ ದಶಕ ಇರಲಿಲ್ಲ. ಆ ಅಂತರವನ್ನು ತುಂಬಿದ್ದು 15ನೇ ಹಣಕಾಸು ಆಯೋಗದ ಶಿಫಾರಸು. ಅದರ ಪ್ರಕಾರ ರಾಜ್ಯಗಳ ವಿಪತ್ತು ನಿಧಿಯ ನೂರು ರೂಪಾಯಿಯಲ್ಲಿ 40 ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 10 ಸಿದ್ಧತೆಗೆ, 20 ಉಪಶಮನಕ್ಕೆ. ವಿಪತ್ತಿನ ಅಪಾಯ ತಗ್ಗಿಸುವ ಅಂತರರಾಷ್ಟ್ರೀಯ ಸೆಂಡೈ ಚೌಕಟ್ಟಿನ ಆಶಯಗಳನ್ನು ಒಳಗೊಂಡ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆ 2016ರಲ್ಲಿ ಬಂದು 2019ರಲ್ಲಿ ಪರಿಷ್ಕೃತವಾಯಿತು.

ಒಡಿಶಾದ ಪಾಠ

1999ರ ದುರಂತದ ಬೆನ್ನಲ್ಲೇ ಒಡಿಶಾ ತನ್ನದೇ ವಿಪತ್ತು ನಿರ್ವಹಣಾ ಪ್ರಾಧಿಕಾರ ಕಟ್ಟಿಕೊಂಡಿತು. ಕೇಂದ್ರದ ಕಾಯ್ದೆ ಬರಲು ಆಗಿನ್ನೂ ಆರು ವರ್ಷವಿತ್ತು. 2013ರ ಫೈಲಿನ್ ಚಂಡಮಾರುತದ ಸಂದರ್ಭದಲ್ಲಿ ಸುಮಾರು 10 ಲಕ್ಷ, ಫೋನಿಯ ಸಂದರ್ಭದಲ್ಲಿ ಸುಮಾರು 12 ಲಕ್ಷ ಜನರನ್ನು ಮುಂಚಿತವಾಗಿ ತೆರವು ಮಾಡಲಾಯಿತು. ಚಂಡಮಾರುತ ಆಶ್ರಯತಾಣವನ್ನು ಹತ್ತಿರದಿಂದ ನೋಡಿದರೆ ಈ ಯಶಸ್ಸಿನ ಗುಟ್ಟು ತಿಳಿಯುತ್ತದೆ. ಕಡಲ ಉಬ್ಬರ ಕೆಳಗಿಂದಲೇ ಹಾದುಹೋಗಲಿ ಎಂದು ಕಟ್ಟಡವನ್ನು ಕಂಬಗಳ ಮೇಲೆ ಎತ್ತರಿಸಿರುತ್ತಾರೆ. ಹಲವು ಕಡೆ ಉಳಿದ ದಿನಗಳಲ್ಲಿ ಅದೇ ಊರಿನ ಶಾಲೆ. ದಿನವೂ ಬಳಕೆಯಲ್ಲಿರುವುದರಿಂದ ಬಾಗಿಲು, ನೀರು, ಶೌಚಾಲಯ ಸುಸ್ಥಿತಿಯಲ್ಲಿರುತ್ತವೆ; ದಾರಿ ಮಕ್ಕಳಿಗೂ ಗೊತ್ತಿರುತ್ತದೆ. ರಾಷ್ಟ್ರೀಯ ಚಂಡಮಾರುತ ಅಪಾಯ ಉಪಶಮನ ಯೋಜನೆಯ ಎರಡನೇ ಹಂತ ಈ ಮಾದರಿಯನ್ನು ಕರ್ನಾಟಕದ ಕರಾವಳಿಗೂ ತಂದಿತು. ಚಂಡಮಾರುತದ ವಿಷಯದಲ್ಲಿ ಆದೇಶ ಕೊಡುವವರು ಯಾರು, ಪಾಲಿಸುವವರು ಯಾರು, ಗಡುವು ಎಷ್ಟು ಎಂಬುದರಲ್ಲಿ ಗೊಂದಲವಿಲ್ಲ.

ಮಲೆನಾಡಿನ ಸಮಸ್ಯೆ

ಭೂಕುಸಿತಕ್ಕೆ ಇಂಥ ಗಡುವಿಲ್ಲ. ಮುನ್ಸೂಚನೆ ಒಂದು ಪ್ರದೇಶವನ್ನು ಹೇಳಬಲ್ಲದೇ ಹೊರತು ಯಾವ ಬರೆ, ಯಾವ ಗಳಿಗೆ ಎಂಬುದನ್ನಲ್ಲ. ಆದ್ದರಿಂದ ಅಪಾಯ ತಗ್ಗಿಸುವ ಕೆಲಸ ಮಳೆಗಾಲಕ್ಕೆ ಬಹಳ ಮುಂಚೆ, ಜೆಸಿಬಿ ಗುಡ್ಡಕ್ಕೆ ಬಾಯಿ ಹಾಕುವ ಮೊದಲೇ ಆಗಬೇಕು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಹರಿಯುವ ದಾರಿ ಮುಚ್ಚಿದಾಗ ಇಂಗಿದ ಮಳೆ ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ. ಕೊಡಗಿನ ಕುಸಿತಗಳನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅತಿವೃಷ್ಟಿಯ ಜೊತೆಗೆ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಗುರುತಿಸಿತ್ತು.

ಅದೇ ಸಂಸ್ಥೆ ಸುಮಾರು 4.3 ಲಕ್ಷ ಚದರ ಕಿ.ಮೀ. ಪ್ರದೇಶಕ್ಕೆ ಭೂಕುಸಿತ ಸಂಭಾವ್ಯತೆಯ ನಕ್ಷೆ ಸಿದ್ಧಪಡಿಸಿದೆ. ಅದರ ಅಳತೆ 1:50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಚೌಕಾಕಾರದ ಒಂದು ಎಕರೆ ಜಾಗದ ಬದಿ ಈ ನಕ್ಷೆಯಲ್ಲಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ತಾಲ್ಲೂಕಿನ ಯೋಜನೆಗೆ ಇದು ಸಾಕು; ಮನೆ ಕಟ್ಟಲು ಅನುಮತಿ ಕೊಡುವ ಪಂಚಾಯಿತಿಗೆ ಸಾಲದು.

ಕಾನೂನಿನ ಕೊರತೆ ಇಲ್ಲಿಲ್ಲ. ತಮ್ಮ ವ್ಯಾಪ್ತಿಯ ನಿರ್ಮಾಣಗಳು ವಿಪತ್ತು ತಡೆಯ ಮಾನದಂಡಗಳಿಗೆ ಅನುಗುಣವಾಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಕಾಯ್ದೆಯ 41ನೇ ಕಲಂ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆ. ಇನ್ನೊಂದು ಕಡೆ, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಅಡಿ ಕೃಷಿ ಜಮೀನಿನ ಪರಿವರ್ತನೆಗೆ ಅನುಮತಿ ನೀಡುವವರು ಜಿಲ್ಲಾಧಿಕಾರಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಅಪಾಯದ ನಕ್ಷೆಯೂ ಪರಿವರ್ತನೆಯ ಕಡತವೂ ಒಂದೇ ಮೇಜಿಗೆ ಬರಬಲ್ಲವು. ಆದರೆ ಕಡತವನ್ನು ನಕ್ಷೆಯೊಂದಿಗೆ ತಾಳೆ ನೋಡುವುದು ಕಡ್ಡಾಯವಾಗದ ಹೊರತು ಜಿಲ್ಲಾ ವಿಪತ್ತು ಯೋಜನೆ ಕಪಾಟಿನಲ್ಲೇ ಉಳಿಯುತ್ತದೆ.

ಸಮಾರೋಪ

ಈ ವಿಶ್ಲೇಷಣೆಯಿಂದ ಮೂರು ಸಲಹೆಗಳು ಹೊಮ್ಮುತ್ತವೆ. ಮೊದಲನೆಯದು, ಕುಸಿತದ ಸಾಧ್ಯತೆ ಹೆಚ್ಚಿರುವ ಗ್ರಾಮಗಳಿಗೆ ಸರ್ವೆ ನಂಬರ್ ಮಟ್ಟದ ನಕ್ಷೆ ಬೇಕು. ರಾಜ್ಯ ಉಪಶಮನ ನಿಧಿಯ ಮೊದಲ ಖರ್ಚು ಇದಾಗಲಿ. ಎರಡನೆಯದು, ಭೂ ಪರಿವರ್ತನೆ ಮತ್ತು ಕಟ್ಟಡ ಪರವಾನಗಿಗೆ ಈ ನಕ್ಷೆಯ ಪರಿಶೀಲನೆ ಕಡ್ಡಾಯವಾಗಲಿ. ಹೆದ್ದಾರಿ ಕಾಮಗಾರಿಗಳಿಗೂ ವಿನಾಯಿತಿ ಬೇಡ. ಮೂರನೆಯದು, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಅಂಶ ಸ್ಥಳಾಂತರದ ಆದೇಶಕ್ಕೆ ನೇರ ಆಧಾರವಾಗಲಿ. ಇಷ್ಟು ಮಳೆ ಬಿದ್ದರೆ ಇಂಥ ಕೇರಿ ತೆರವಾಗಬೇಕು ಎಂಬ ಮಿತಿ ಮೊದಲೇ ಗೊತ್ತಾಗಿರಲಿ. ಈ ಮೂರಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಇರುವ ಅಧಿಕಾರವನ್ನು ಅನುಮತಿ ನೀಡುವ ಹಂತದಲ್ಲೇ ಚಲಾಯಿಸಿದರೆ ಸಾಕು.