ವೈಟ್‌ಚಾಪೆಲ್‌ನ ಮಂತ್ರವಾದಿ

ಬಾಳ್ಳುಪೇಟೆಯ ಆಸುಪಾಸಿನ ಕಾಫಿ ತೋಟಗಳಲ್ಲಿ ಬೆಳೆದವರಿಗೆ ಗೋಣಿಚೀಲದ ಸಾಬಿಯ ಪರಿಚಯ ಇದ್ದೇ ಇರುತ್ತದೆ. ಹಠ ಹಿಡಿದ ಮಕ್ಕಳನ್ನು ಅವನು ಚೀಲಕ್ಕೆ ತುಂಬಿಕೊಂಡು ಹೋಗಿ ಸೇತುವೆಯ ಬುಡಕ್ಕೆ ಬಲಿ ಕೊಡುತ್ತಾನೆ ಎಂದು ದೊಡ್ಡವರು ಹೆದರಿಸುತ್ತಿದ್ದರು. ತಮಾಷೆಯೆಂದರೆ ನಮ್ಮ ಅಜ್ಜಿಯೂ ಇದೇ ಕತೆ ಹೇಳುತ್ತಿದ್ದರು. ನಮ್ಮ ಮನೆಯ ಕತೆಯಲ್ಲಿ ಸಾಬಿಯ ಬದಲು ಮಲೆಯಾಳದ ಮಂತ್ರವಾದಿ ಬರುತ್ತಿದ್ದ, ಅಷ್ಟೇ. ಘಾಟಿಯ ರೈಲು ಸೇತುವೆಗಳು ಎಷ್ಟು ತಲೆ ಕೇಳಿದವು ಎಂಬ ಲೆಕ್ಕ ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಇಂಥ ಕತೆಗಳು ನಮ್ಮಂಥ ಕಾಡುಮೇಡಿನವರ ಸೊತ್ತು ಎಂದು ಬಹಳ ದಿನ ತಿಳಿದಿದ್ದೆ. ಲಂಡನ್ನಿನ ಚರಿತ್ರೆ ಓದಿದ ಮೇಲೆ ಆ ಭ್ರಮೆ ಹೋಯಿತು.

1888ರ ಆಗಸ್ಟ್ 31ರಿಂದ ನವೆಂಬರ್ 9ರೊಳಗೆ ಲಂಡನ್ನಿನ ಬಡವರ ಕೇರಿ ವೈಟ್‌ಚಾಪೆಲ್ ಮತ್ತು ಅದರ ಸುತ್ತಮುತ್ತ ಐವರು ಹೆಂಗಸರು ಕತ್ತಿಗೆ ಬಲಿಯಾದರು. ಕೊಲೆಗಾರ 'ಜ್ಯಾಕ್ ದಿ ರಿಪ್ಪರ್' ಎಂಬ ಹೆಸರಿನಿಂದ ಕುಖ್ಯಾತನಾದ. ಅವನು ಸಿಕ್ಕಲೇ ಇಲ್ಲ. ಆದರೆ ಅಲಿಸ್ಟರ್ ಕ್ರೌಲಿ ಎಂಬ ಕುಖ್ಯಾತ ಮಾಟಗಾರ, ಇಂಗ್ಲಿಷ್ ಪತ್ರಿಕೆಯೊಂದು 'ಜಗತ್ತಿನ ಅತಿ ದುಷ್ಟ' ಎಂದು ಬೈದವನು, ತನಗೆ ಅವನು ಯಾರೆಂದು ಗೊತ್ತು ಎಂದು ಬರೆದಿಟ್ಟ. ಕೊಲೆಗಾರನೂ ಒಬ್ಬ ಮಾಟಗಾರನಂತೆ, ಸಿದ್ಧಿಗಾಗಿ ಕೊಂದನಂತೆ, ಅವನ ಪೆಟ್ಟಿಗೆಯಲ್ಲಿ ರಕ್ತ ಒಣಗಿದ ಟೈಗಳಿದ್ದವಂತೆ. ಕೊಲೆಗಳು ನಡೆದಾಗ ಕ್ರೌಲಿ ಹನ್ನೆರಡು ಹದಿಮೂರು ವರ್ಷದ ಶಾಲಾ ಬಾಲಕ. ಈ ಕತೆಯನ್ನು ಅವನು ಕೇಳಿದ್ದು ವಿಟ್ಟೋರಿಯಾ ಕ್ರೀಮರ್ಸ್ ಎಂಬ ಹೆಂಗಸಿನಿಂದ. ಆಕೆಯ ಗೆಳತಿ ಮೇಬಲ್ ಕಾಲಿನ್ಸ್, ಮದರಾಸಿನ ಅಡಯಾರಿನಲ್ಲಿ ಕೇಂದ್ರವಿರುವ ಥಿಯೋಸಾಫಿಕಲ್ ಸೊಸೈಟಿಯ ಲೇಖಕಿ. ಇಬ್ಬರಿಗೂ ಪರಿಚಿತನಾಗಿದ್ದವನು ರಾಬರ್ಟ್ ಡಾನ್‌ಸ್ಟನ್ ಸ್ಟೀಫನ್‌ಸನ್. ಟೈಗಳ ಪೆಟ್ಟಿಗೆ ಇವನದೇ.

ಈತನ ಕತೆ ಸ್ವಾರಸ್ಯದ್ದು. ಕೊಲೆಗಳು ನಡೆದಷ್ಟು ದಿನವೂ ಈತ ವೈಟ್‌ಚಾಪೆಲ್‌ನ ಲಂಡನ್ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದ್ದ. ಅಲ್ಲಿಂದಲೇ ಪೊಲೀಸರಿಗೆ ಕಾಗದ ಬರೆದ. ಡಿಸೆಂಬರ್ 1ರ 'ಪಾಲ್ ಮಾಲ್ ಗೆಜೆಟ್'ನಲ್ಲಿ, ಕೊಲೆಗಾರ ಫ್ರೆಂಚನೆಂದೂ, ಕೊಲೆಯಾದ ಜಾಗಗಳನ್ನು ನಕ್ಷೆಯಲ್ಲಿ ಕೂಡಿಸಿದರೆ ಶಿಲುಬೆಯಾಗುತ್ತದೆಂದೂ, ಇದು ಮಾಟದ ಕೆಲಸವೆಂದೂ ಲೇಖನ ಬರೆದ. ಅಂದರೆ ಮಾಟದ ವದಂತಿಗೆ ಮೊದಲ ನೀರೆರೆದವರಲ್ಲಿ ಅವನೂ ಒಬ್ಬ! ಡಿಸೆಂಬರ್ 26ರಂದು ಅದೇ ಆಸ್ಪತ್ರೆಯ ವೈದ್ಯರೊಬ್ಬರ ಮೇಲೆ ಸಂಶಯವೆಂದು ಸ್ಕಾಟ್ಲೆಂಡ್ ಯಾರ್ಡಿಗೆ ಹೇಳಿಕೆ ಕೊಟ್ಟ. ಅದಕ್ಕೆ ಎರಡು ದಿನ ಮೊದಲೇ ಅವನ ಪರಿಚಯದ ನಿರುದ್ಯೋಗಿಯೊಬ್ಬ ಅಲ್ಲಿಗೆ ಹೋಗಿ, ಈ ಸ್ಟೀಫನ್‌ಸನ್ನೇ ಕೊಲೆಗಾರನಿರಬೇಕು ಎಂದು ದೂರಿತ್ತಿದ್ದ! 1896ರಲ್ಲಿ ಸಂಪಾದಕ ಡಬ್ಲ್ಯು. ಟಿ. ಸ್ಟೆಡ್, ತಾನೂ ವರ್ಷಕ್ಕೂ ಮೀರಿ ಇವನನ್ನೇ ರಿಪ್ಪರ್ ಎಂದು ನಂಬಿದ್ದಾಗಿಯೂ, ಪೊಲೀಸರು ವಿಚಾರಿಸಿ ತೃಪ್ತರಾಗಿ ಬಿಟ್ಟರೆಂದೂ ಬರೆದರು. 1904ರಲ್ಲಿ ಕ್ರೈಸ್ತ ಸುವಾರ್ತೆಗಳ ಮೇಲೊಂದು ಪುಸ್ತಕ ಹೊರತಂದ ಸ್ಟೀಫನ್‌ಸನ್ 1916ರಲ್ಲಿ ತೀರಿಕೊಂಡ. ಆ ಟೈಗಳನ್ನು ಯಾವ ಪೊಲೀಸನೂ ಕಂಡಿಲ್ಲ.

ಹೊಟ್ಟೆ ತುಂಬಿದ ಮಾಟಗಾರರ ಮೇಲಿನ ವದಂತಿ ಹರಟೆಯಾಗಿ ಮುಗಿಯುತ್ತದೆ. ಬಡವರ ಮೇಲಿನದು ಹಾಗಲ್ಲ. ವೈಟ್‌ಚಾಪೆಲ್‌ನಲ್ಲಿ ಆಗ ರಷ್ಯಾ, ಪೋಲೆಂಡುಗಳಿಂದ ಓಡಿಬಂದ ಯಹೂದಿಗಳು ತುಂಬಿದ್ದರು. ಇಂಗ್ಲಿಷನೊಬ್ಬ ಇಂಥ ಕೆಲಸ ಮಾಡಲಾರ ಎಂಬ ಮಾತು ಬೀದಿಯಲ್ಲಿ ಹಬ್ಬಿತು. 'ಚರ್ಮದ ಏಪ್ರನ್ನಿನವನು' ಎಂದು ಪತ್ರಿಕೆಗಳು ಎಬ್ಬಿಸಿದ ಗುಲ್ಲಿಗೆ ಯಹೂದಿ ಚಮ್ಮಾರ ಜಾನ್ ಪೈಜರ್ ಸಿಕ್ಕಿಬಿದ್ದ. ಸೆಪ್ಟೆಂಬರ್ 10ರಂದು ಅವನನ್ನು ಹಿಡಿದರು. ಮೊದಲ ಕೊಲೆಯ ರಾತ್ರಿ ಆತ ಬಂದರಿನ ಬೆಂಕಿ ನೋಡುತ್ತ ಪೊಲೀಸನೊಬ್ಬನ ಜೊತೆಯಲ್ಲೇ ಮಾತಾಡುತ್ತ ನಿಂತಿದ್ದನೆಂದು ಆಮೇಲೆ ಸಾಬೀತಾಯಿತು. ಸಾಕ್ಷಿಯಾಗಿ ಪೊಲೀಸನೇ ಸಿಗುವ ಅದೃಷ್ಟ ಎಷ್ಟು ಜನರಿಗುಂಟು? 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಮಕ್ಕಳ ಕಳ್ಳರೆನಿಸಿಕೊಂಡ ಗೆಳೆಯರ ಗುಂಪಿನಲ್ಲಿ, ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಗೋಣಿಚೀಲದ ಕತೆ ಮೊಬೈಲಿಗೆ ಬಂದಿತ್ತು.

ಸೆಪ್ಟೆಂಬರ್ 30ರ ನಸುಕಿನಲ್ಲಿ ಗೌಲ್‌ಸ್ಟನ್ ಬೀದಿಯ ಬಾಗಿಲೊಂದರಲ್ಲಿ ರಕ್ತದ ಬಟ್ಟೆ ಸಿಕ್ಕಿತು. ಅದರ ಮೇಲಿನ ಗೋಡೆಯಲ್ಲಿ ಯಹೂದಿಗಳನ್ನು ಹೆಸರಿಸಿದ ಒಂದು ಸಾಲು ಸೀಮೆಸುಣ್ಣದಲ್ಲಿತ್ತು. ಬೆಳಗಾದರೆ ಗಲಭೆಯಾದೀತೆಂದು ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರನ್, ಫೋಟೊ ತೆಗೆಯುವವರೆಗೂ ಕಾಯದೆ ಅದನ್ನು ಒರೆಸಿಸಿದರು. ಸಾಕ್ಷ್ಯ ಅಳಿಸಿದರೆಂಬ ಬೈಗುಳ ಇಂದಿಗೂ ಅವರನ್ನು ಬಿಟ್ಟಿಲ್ಲ. ಆ ಸಾಲು ಈಗ ಉಳಿದಿರುವುದು ಪೊಲೀಸರು ಬರೆದುಕೊಂಡ ಪ್ರತಿಗಳಲ್ಲಿ ಮಾತ್ರ. ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ.