ಅಜ್ಜನ ಡಿಕ್ಲರೇಷನ್ ಮತ್ತು ದೇವರಾಜ ಅರಸು

ಮಡಂತ್ಯಾರಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರೊಳಗೆ ಗೇಣಿ ರಶೀದಿಗಳ ಒಂದು ಕಟ್ಟು, ಹಳೆಯ ತೀರ್ವೆ ಚೀಟಿಗಳು, ನಾಲ್ಕು ಮಡಿಕೆ ಮಾಡಿಟ್ಟ ನಮೂನೆ 7ರ ಒಂದು ಪ್ರತಿ. ಅಜ್ಜ ಅದನ್ನು ‘ಡಿಕ್ಲರೇಷನ್’ ಎಂದೇ ಕರೆಯುತ್ತಿದ್ದರು. ನಮ್ಮ ಕಡೆಯ ಹಳಬರಿಗೆ ಕಾಲ ಲೆಕ್ಕ ಹಾಕಲು ಅದೊಂದು ಗಡಿಕಲ್ಲು. ಮದುವೆ, ಸಾವು, ಬಾವಿ ತೋಡಿಸಿದ್ದು, ಎಲ್ಲವೂ ಒಂದೋ ಡಿಕ್ಲರೇಷನ್ನಿಗಿಂತ ಮೊದಲು, ಇಲ್ಲವೇ ಡಿಕ್ಲರೇಷನ್ ಆದ ಮೇಲೆ. ಆ ಕಾಗದದ ಹಿಂದಿದ್ದ ಮನುಷ್ಯನ ಹೆಸರು ಮಾತ್ರ ನಮ್ಮ ಮನೆಯಲ್ಲಿ ಹೆಚ್ಚು ಕೇಳಿಬರುತ್ತಿರಲಿಲ್ಲ. ಕಾಲೇಜಿನಲ್ಲಿ ಚರಿತ್ರೆ ಓದುವಾಗಲೇ ನಾನು ದೇವರಾಜ ಅರಸು ಅವರನ್ನು ಸರಿಯಾಗಿ ಗಮನಿಸಿದ್ದು.

ಅರಸು ನಮ್ಮ ಸೀಮೆಯವರಲ್ಲ. 1915ರ ಆಗಸ್ಟ್ 20ರಂದು ಹುಟ್ಟಿದವರು, ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿ, ಊರಿಗೆ ಮರಳಿ ಬೇಸಾಯ ಹಿಡಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಹೋದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ತಲೆಗಳೆಲ್ಲ ನಿಜಲಿಂಗಪ್ಪನವರ ಜೊತೆ ನಿಂತವು. ಅರಸು ಇಂದಿರಾ ಗಾಂಧಿಯವರ ಕಡೆ ಹೋದರು. 1972ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 216ರಲ್ಲಿ 165 ಸ್ಥಾನ ಬಂತು. ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು.

ಅವರ ಅರಸು ಸಮುದಾಯ ಸಂಖ್ಯೆಯಲ್ಲಿ ತೀರ ಸಣ್ಣದು. ಜಾತಿಯ ಬಲವನ್ನೇ ನಂಬಿದ್ದರೆ ಒಂದು ತಾಲೂಕನ್ನು ಗೆಲ್ಲುವುದೂ ಕಷ್ಟವಿತ್ತು. ಹಾಗಾಗಿ ಅಧಿಕಾರದ ಪಂಕ್ತಿಯಲ್ಲಿ ಅಲ್ಲಿಯವರೆಗೆ ಎಲೆ ಹಾಕಿಸಿಕೊಳ್ಳದ ಸಣ್ಣ ಸಣ್ಣ ಜಾತಿಗಳನ್ನು ಕೂಡಿಸದೆ ಅವರಿಗೆ ಬೇರೆ ದಾರಿಯಿರಲಿಲ್ಲ. 1972ರ ಹಾವನೂರು ಆಯೋಗವನ್ನೂ ಭೂಸುಧಾರಣೆಯನ್ನೂ ನಾನು ಒಟ್ಟಿಗೇ ಓದುತ್ತೇನೆ. ಅದು ಬರೀ ಕರುಣೆಯಾಗಿರಲಿಲ್ಲ, ಬರೀ ಲೆಕ್ಕಾಚಾರವೂ ಆಗಿರಲಿಲ್ಲ.

ಭೂಸುಧಾರಣೆ ಕಾಯಿದೆ ಅರಸು ಬರುವ ಮೊದಲೇ ಇತ್ತು. 1961ರ ಆ ಕಾಯಿದೆ ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಒಡೆಯ ‘ನಾನೇ ಸಾಗುವಳಿ ಮಾಡುತ್ತೇನೆ’ ಎಂದು ಭೂಮಿ ಹಿಂದಕ್ಕೆ ಕೇಳಲು ದಾರಿಯಿತ್ತು. ಅರಸು ಸರ್ಕಾರದ ತಿದ್ದುಪಡಿ ಆ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿತು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿದ್ದೆಂದಾಯಿತು; ಇನ್ನು ಒಕ್ಕಲು ಅರ್ಜಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳಬೇಕು.

ಮೈಸೂರು ಸೀಮೆಯ ಬಹಳಷ್ಟು ಹಳ್ಳಿಗಳಲ್ಲಿ ಉಳುವವನೇ ಒಡೆಯನೂ ಆಗಿದ್ದರಿಂದ ಅಲ್ಲಿ ಇದು ಅಷ್ಟಾಗಿ ತಟ್ಟಲಿಲ್ಲ. ದಕ್ಷಿಣ ಕನ್ನಡದ ಕಥೆ ಬೇರೆ. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಗೇಣಿಯಲ್ಲೇ ತರಗಳಿದ್ದವು. ಮೂಲಗೇಣಿಯವನಿಗೆ ತಲೆಮಾರಿನ ಭದ್ರತೆ. ಚಾಲಗೇಣಿಯವನು ಧಣಿಗಳ ಮರ್ಜಿಯಲ್ಲಿ ಇರುವವನು. ನಮ್ಮದು ಚಾಲಗೇಣಿ. ಬೈಲು ಮತ್ತು ಮಜಲು ಸೇರಿ ಎರಡೂವರೆ ಎಕರೆಗೆ ವರ್ಷಕ್ಕೆ ಇಪ್ಪತ್ತೆರಡು ಮುಡಿ ಅಕ್ಕಿ. ಮಳೆ ಕೈಕೊಟ್ಟ ವರ್ಷ ಧಣಿಗಳ ಮನೆಗೆ ಮುಡಿ ಹೋಗುತ್ತಿತ್ತು, ನಮ್ಮ ಮನೆಯವರು ಗೆಣಸು ತಿನ್ನುತ್ತಿದ್ದರು. ಈ ಜಿಲ್ಲೆಯಲ್ಲಿ ಒಕ್ಕಲುಗಳ ಪರವಾಗಿ ಕಮ್ಯುನಿಸ್ಟರು ಬಹಳ ಹಿಂದೆಯೇ ದನಿಯೆತ್ತಿದ್ದರು. ಅರಸು ಸಂಪುಟದ ಭೂಸುಧಾರಣಾ ಸಚಿವ ಬಿ. ಸುಬ್ಬಯ್ಯ ಶೆಟ್ಟರು ಸುರತ್ಕಲ್‌ನಿಂದ ಆರಿಸಿ ಬಂದವರು, ಅಂದರೆ ಈ ಗೇಣಿಯ ಒಳಹೊರಗು ಗೊತ್ತಿದ್ದವರು.

ಕಾಯಿದೆಯ ನಿಜವಾದ ಜಾಣ್ಮೆ ಇದ್ದದ್ದು ತಾಲೂಕಿನ ಭೂನ್ಯಾಯಮಂಡಳಿಯಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಊರ ಜನ, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಅಜ್ಜ ಈ ಕೊನೆಯ ಸಂಗತಿಯನ್ನು ಸಾಯುವವರೆಗೂ ಸಂತೋಷದಿಂದ ಹೇಳುತ್ತಿದ್ದರು. ಧಣಿಗಳಿಗೆ ಮಂಗಳೂರಿನ ವಕೀಲರನ್ನು ಕರೆಸುವ ತಾಕತ್ತಿತ್ತು, ಅಜ್ಜನಿಗೆ ಇದ್ದದ್ದು ರಶೀದಿಗಳ ಕಟ್ಟು. ವಿಚಾರಣೆಯ ದಿನ ಬೆಳ್ತಂಗಡಿಯಲ್ಲಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಲು ಹೇಳಿದರಂತೆ. ಅಜ್ಜ ಕೂರಲಿಲ್ಲ. ನಿಂತುಕೊಂಡೇ ತುಳುವಿನಲ್ಲಿ ಉತ್ತರ ಕೊಟ್ಟು ಬಂದರು. ಭೂಮಿ ಆಯಿತು. ಗದ್ದೆಯ ಒಂದು ಭಾಗ ಅಡಿಕೆ ತೋಟವಾಯಿತು, ಅದನ್ನು ಅಡವಿಟ್ಟು ಅಪ್ಪ ಓದಿದರು, ಅಪ್ಪನ ಸಂಬಳದಲ್ಲಿ ನಾನು ಓದಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿಯೇ ಇರುತ್ತದೆ. ಆದರೆ ಎಲ್ಲ ಧಣಿಗಳೂ ನೂರು ಮುಡಿಯವರಲ್ಲ. ಒಂದು ತುಂಡು ಗದ್ದೆಯನ್ನು ಗೇಣಿಗೆ ಬಿಟ್ಟು ಅದರ ಅಕ್ಕಿಯಲ್ಲೇ ದಿನ ದೂಡುತ್ತಿದ್ದ ವಿಧವೆಯರೂ ಭೂಮಿ ಕಳೆದುಕೊಂಡರು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ‘ಉಳುವವನೇ ಹೊಲದೊಡೆಯ’ ಎಂದು ಘೋಷಣೆ. ನಮ್ಮ ಗದ್ದೆಯಲ್ಲಿ ನೇಗಿಲು ಹಿಡಿದು ಉಳುತ್ತಿದ್ದವನು ಅಜ್ಜನಲ್ಲ. ಗುಡ್ಡೆಯ ಬದಿಯ ಗುಡಿಸಲಿನಿಂದ ಮುಂಜಾನೆ ಬರುತ್ತಿದ್ದ ಆಳು. ಅವನಿಗೆ ಗೇಣಿಯಿರಲಿಲ್ಲ, ರಶೀದಿಯಿರಲಿಲ್ಲ, ಆದ್ದರಿಂದ ನಮೂನೆ 7 ತುಂಬಲು ಹಕ್ಕೂ ಇರಲಿಲ್ಲ. ಗುಡಿಸಲು ಮತ್ತು ಅದರ ಸುತ್ತಲಿನ ತುಸು ಜಾಗಕ್ಕೆ ಹಕ್ಕು ಕೇಳಲು ಅದೇ ಕಾಯಿದೆಯಲ್ಲಿ ಅವಕಾಶವಿತ್ತು. ಅವನ ಮನೆಯವರಿಗೆ ಸಿಕ್ಕಿದ್ದು ಅಷ್ಟೇ. ಬಾಯಿಮಾತಿನಲ್ಲೇ ಗೇಣಿ ನಡೆಸಿದ್ದ ಒಕ್ಕಲುಗಳೂ ಎಷ್ಟೋ ಕಡೆ ಸಾಕ್ಷಿಗಾಗಿ ಪರದಾಡಿದರು. ಕಾಗದ ಇಟ್ಟುಕೊಂಡವನು ಗೆದ್ದ. ಇದನ್ನು ನಾನು ಅಜ್ಜನ ಎದುರು ಒಮ್ಮೆ ಎತ್ತಿದ್ದೆ. ಅವರು ಎಲೆಯಡಿಕೆ ಜಗಿಯುತ್ತ ಅಂಗಳ ನೋಡಿದರು, ಏನೂ ಹೇಳಲಿಲ್ಲ.

ಅರಸು ಅವರ ಮುಂದಿನ ದಾರಿ ಬೇಗ ಇಳಿಜಾರಾಯಿತು. ತುರ್ತುಪರಿಸ್ಥಿತಿಯಲ್ಲಿ ಅವರು ಇಂದಿರಾ ಜೊತೆಗೇ ಇದ್ದರು. ಅದು ಅವರ ಹೆಸರಿಗೆ ಅಂಟಿದ ಕಲೆ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದಲ್ಲಿ 28ರಲ್ಲಿ 26 ಲೋಕಸಭಾ ಸ್ಥಾನ ಗೆದ್ದಿತು. ಭ್ರಷ್ಟಾಚಾರದ ಆರೋಪಗಳ ಮೇಲೆ ಗ್ರೋವರ್ ಆಯೋಗ ಬಂತು, ರಾಷ್ಟ್ರಪತಿ ಆಡಳಿತ ಬಂತು. 1978ರ ಫೆಬ್ರವರಿಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಅದೇ ನವೆಂಬರಿನಲ್ಲಿ ಘಟ್ಟದ ಮೇಲಿನ ಚಿಕ್ಕಮಗಳೂರಿನಿಂದ ಇಂದಿರಾ ಲೋಕಸಭೆಗೆ ಮರಳಿದರು. ಅವರನ್ನು ನಿಲ್ಲಿಸಿ ಗೆಲ್ಲಿಸಿದ ಅರಸು ಮರುವರ್ಷವೇ ಅವರ ಪಕ್ಷದಿಂದ ಹೊರಬಿದ್ದರು.

1980ರ ಜನವರಿಯ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ 27 ಸ್ಥಾನ. ಅರಸು ರಾಜೀನಾಮೆ ಕೊಟ್ಟರು; 1982ರ ಜೂನ್ 6ರಂದು ತೀರಿಕೊಂಡರು. ಆ ಚುನಾವಣೆಯಲ್ಲಿ ಅಜ್ಜ ಯಾರಿಗೆ ವೋಟು ಹಾಕಿದ್ದರು ಎಂದು ಅಜ್ಜಿಯನ್ನು ಕೇಳಿದ್ದೆ. ‘ಕೈಗೆ’ ಎಂದರು. ಭೂಮಿ ಕೊಟ್ಟವರು ಅರಸು ಅಲ್ಲವಾ ಅಜ್ಜಿ ಎಂದರೆ, ‘ಹೌದಾ? ಭೂಮಿ ಕೊಟ್ಟದ್ದು ಇಂದಿರಮ್ಮ ಅಲ್ಲವಾ ಮಗಾ’ ಎಂದರು. ನಮ್ಮ ಚಾವಡಿಯ ಗೋಡೆಯಲ್ಲಿ ಇಂದಿರಾ ಗಾಂಧಿಯವರ ಒಂದು ಹಳೆಯ ಕ್ಯಾಲೆಂಡರ್ ಚಿತ್ರ ಕಟ್ಟು ಹಾಕಿಸಿಕೊಂಡು ಈಗಲೂ ತೂಗುತ್ತಿದೆ. ಅರಸು ಅವರ ಚಿತ್ರ ನಮ್ಮ ಮನೆಯಲ್ಲಿಲ್ಲ.